ಊರೂ ಗೊತ್ತಿಲ್ಲ, ತಾರೀಕೂ ಗೊತ್ತಿಲ್ಲ: ವಿಮಾನ ಹುಡುಕುವುದು ಹೇಗೆ?

ಒಂದು ವಾರ ರಜೆ ಸಿಗುತ್ತದೆ, ಖರ್ಚಿಗೆ ಇಷ್ಟು ದುಡ್ಡು ಎಂದು ಲೆಕ್ಕವೂ ಆಗಿದೆ. ಎಲ್ಲಿಗೆ, ಯಾವಾಗ ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಹಾಗಿದ್ದರೆ ಟಿಕೆಟ್ ದರವನ್ನೇ ಕೇಳಿ ಊರು ಆರಿಸಬಹುದು.

ವಿಮಾನದ ದರ ಹುಡುಕುವ ಜಾಲತಾಣ ಗೂಗಲ್ ಫ್ಲೈಟ್ಸ್ ತೆರೆದು ‘ಎಕ್ಸ್‌ಪ್ಲೋರ್’ ಒತ್ತಿ. ಹೊರಡುವ ಊರನ್ನಷ್ಟೇ ತುಂಬಿ, ತಲುಪುವ ಊರನ್ನು ಖಾಲಿ ಬಿಡಿ. ತಾರೀಕಿನ ಬದಲು ಮುಂದಿನ ಆರು ತಿಂಗಳಲ್ಲಿ ಯಾವಾಗಲಾದರೂ ‘ಒಂದು ವಾರ’ ಎಂದು ಆರಿಸಿದರೆ ಭೂಪಟದಲ್ಲಿ ಊರೂರಿನ ಮೇಲೂ ದರ ಮೂಡುತ್ತದೆ. ನಿಮ್ಮ ಬಜೆಟ್ಟಿನ ಮಿತಿ ಹಾಕಿ, ಅರ್ಧಕ್ಕರ್ಧ ಊರುಗಳು ಮಾಯವಾಗುತ್ತವೆ! ಇಂಥದ್ದೇ ಇನ್ನೊಂದು ತಾಣವಾದ ಸ್ಕೈಸ್ಕ್ಯಾನರ್‌ನಲ್ಲಿ ಇದೇ ಕೆಲಸಕ್ಕೆ ‘ಎವ್ರಿವೇರ್’ ಇದೆ. ಅಲ್ಲಿ ದೇಶಗಳು ಅಗ್ಗದಿಂದ ದುಬಾರಿಗೆ ಸಾಲಾಗಿ ಬರುತ್ತವೆ.

ಹೊರಡುವ ನಿಲ್ದಾಣವನ್ನೂ ಒಂದಕ್ಕೇ ಕಟ್ಟಿಹಾಕಬೇಡಿ. ಮಂಗಳೂರಿನವರು ಕಣ್ಣೂರನ್ನೂ ಸೇರಿಸಿ ನೋಡಲಿ. ಕಾರವಾರ, ಬೆಳಗಾವಿ ಕಡೆಯವರಿಗೆ ಗೋವಾದ ದಾಬೋಳಿಯ ಜೊತೆಗೆ 2023ರಲ್ಲಿ ಶುರುವಾದ ಮೋಪಾ ಕೂಡ ಇದೆ.

ಊರು ಗೊತ್ತಾದ ಮೇಲೆ ಗೂಗಲ್ ಫ್ಲೈಟ್ಸ್‌ನ ‘ಡೇಟ್ ಗ್ರಿಡ್’ ನೋಡಿ. ಹೋಗುವ, ಬರುವ ದಿನಗಳನ್ನು ಒಂದೆರಡು ದಿನ ಆಚೀಚೆ ಮಾಡಿದರೆ ದರ ಎಷ್ಟು ಬದಲಾಗುತ್ತದೆ ಎಂಬುದು ಒಂದೇ ಕೋಷ್ಟಕದಲ್ಲಿ ಸಿಗುತ್ತದೆ. ಸ್ಕೈಸ್ಕ್ಯಾನರ್‌ನ ತಿಂಗಳ ಕ್ಯಾಲೆಂಡರಿನ ದರವನ್ನು ಮಾತ್ರ ಅಂದಾಜು ಎಂದೇ ತಿಳಿಯಿರಿ. ಇತ್ತೀಚೆಗೆ ಬೇರೆಯವರು ಹುಡುಕಿದಾಗ ಸಿಕ್ಕ ದರವೂ ಅದಾಗಿರಬಹುದು, ಕ್ಲಿಕ್ ಮಾಡಿದಾಗ ಏರಿದರೆ ಗಾಬರಿ ಬೇಡ. ಇನ್‌ಕಾಗ್ನಿಟೊದಲ್ಲಿ, ಅಂದರೆ ಹುಡುಕಿದ್ದರ ಗುರುತು ಉಳಿಸದ ಬ್ರೌಸರ್ ಕಿಟಕಿಯಲ್ಲಿ, ಹುಡುಕಿದರೆ ಅಗ್ಗ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ. ಕಡಿಮೆ ದರದ ಸೀಟುಗಳು ಖಾಲಿಯಾದಂತೆ ಮುಂದಿನ ದರದ ಸೀಟುಗಳು ಮಾರಾಟಕ್ಕೆ ಬರುತ್ತವೆ, ಅಷ್ಟೇ.

ಉದ್ದನೆಯ ದೇಶಗಳಿಗೆ ಹೋಗುವವರು ಒಂದು ಊರಲ್ಲಿ ಇಳಿದು ಇನ್ನೊಂದರಿಂದ ಹತ್ತುವ ‘ಮಲ್ಟಿ ಸಿಟಿ’ ಟಿಕೆಟನ್ನು ಮರೆಯಬಾರದು. ವಿಯೆಟ್ನಾಂ ಎಂದರೆ ಹನೋಯ್‌ನಲ್ಲಿ ಇಳಿದು, ರೈಲಿನಲ್ಲಿ ನಿಧಾನಕ್ಕೆ ದಕ್ಷಿಣಕ್ಕೆ ಬಂದು, ಹೋ ಚಿ ಮಿನ್ ನಗರದಿಂದ ವಾಪಸ್ ಹತ್ತಬಹುದು. ಎರಡರ ನಡುವಿನ ಹಳಿ 1,726 ಕಿ.ಮೀ. ಅಷ್ಟು ದೂರ ಹಿಂದಿರುಗಿ ಬರುವ ದಿನ, ದುಡ್ಡು ಎರಡೂ ಉಳಿಯುತ್ತವೆ. ಹೋಗಿಬರುವ ಟಿಕೆಟ್‌ಗಿಂತ ಇದು ತುಸು ದುಬಾರಿಯಾದರೂ ಲಾಭವೇ.

ತೀರಾ ಅಗ್ಗದ ಟಿಕೆಟ್ ಕಂಡರೆ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಬರೆದಿದೆಯೇ ನೋಡಿ. ಅದು ಬೇರೆ ಬೇರೆ ಟಿಕೆಟ್‌ಗಳ ಜೋಡಣೆ. ಸಾಮಾನ್ಯವಾಗಿ ನಡುವಿನ ಊರಲ್ಲಿ ಇಮಿಗ್ರೇಷನ್ ದಾಟಿ, ಲಗೇಜು ತೆಗೆದುಕೊಂಡು, ಮತ್ತೆ ಚೆಕ್ ಇನ್ ಮಾಡಬೇಕು. ಆ ದೇಶದ ವೀಸಾ ನಿಯಮವೂ ನಿಮಗೆ ಅನ್ವಯಿಸುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ವಿಮಾನದ ಕಂಪನಿ ಹೊಣೆ ಹೊರುವುದಿಲ್ಲ. ಬ್ಯಾಂಕಾಕ್‌ನಲ್ಲಂತೂ ಡಾನ್ ಮುಯಾಂಗ್‌ನಲ್ಲಿ ಇಳಿಸಿ ಸುವರ್ಣಭೂಮಿಯಿಂದ ಹತ್ತಿ ಎನ್ನುವ ಟಿಕೆಟ್ ಸಿಕ್ಕೀತು, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನಗರ ದಾಟಿ ಹೋಗಬೇಕು.

ದರಕ್ಕೆ ಲಗೇಜಿನ ಶುಲ್ಕ, ವೀಸಾ, ಮಧ್ಯರಾತ್ರಿ ಇಳಿದರೆ ಟ್ಯಾಕ್ಸಿ, ಇವನ್ನೆಲ್ಲ ಕೂಡಿಸಿ ನೋಡಿ. ಪಟ್ಟಿಯ ಮೊದಲನೆಯದು ಎಷ್ಟೋ ಸಲ ಮೂರನೆಯದಾಗುತ್ತದೆ.

ಈಗಲೇ ಕೊಳ್ಳುವ ಮನಸ್ಸಿಲ್ಲದಿದ್ದರೆ ಗೂಗಲ್ ಫ್ಲೈಟ್ಸ್‌ನಲ್ಲಿ ‘ಟ್ರ್ಯಾಕ್ ಪ್ರೈಸಸ್’ ಒತ್ತಿಡಿ, ದರ ಬದಲಾದಾಗ ಇಮೇಲ್ ಬರುತ್ತದೆ. ಕೊಳ್ಳುವಾಗ ನೂರಿನ್ನೂರು ರೂಪಾಯಿ ಹೆಚ್ಚಾದರೂ ವಿಮಾನ ಕಂಪನಿಯ ಜಾಲತಾಣದಲ್ಲೇ ಕೊಳ್ಳಿ. ತಾರೀಕು ಬದಲಿಸುವಾಗ, ರೀಫಂಡ್ ಕೇಳುವಾಗ ನಡುವೆ ಏಜೆಂಟರು ಇರುವುದಿಲ್ಲ.