ಡ್ರಾಫ್ಟ್ ಮರುದಿನ ಕಾಫಿ ಮಷಿನ್ ಹತ್ತಿರ ಹುಷಾರು: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಸನಿವೇಲ್, ಸ್ಯಾಂಟಾ ಕ್ಲಾರಾ, ಫ್ರೀಮಾಂಟ್ ಕಡೆಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಸ್ಕೂಲ್ ಚೆನ್ನಾಗಿದೆ, ಡ್ರೈವಿಂಗ್ ಟೆಸ್ಟ್‌ಗೆ ಯಾವ ಊರಿಗೆ ಹೋಗಬೇಕು, ಕರಿಬೇವು ಎಲ್ಲಿ ಸಿಗುತ್ತದೆ. ಇದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಮೇಲೆ ಆಫೀಸಿನಲ್ಲಿ ಪೆಚ್ಚಾಗುತ್ತಾರೆ.

ಏಪ್ರಿಲ್ ಕೊನೆಯ ಹೊತ್ತಿಗೆ ಒಂದು ಶುಕ್ರವಾರ ನೀವು ಕೆಲಸಕ್ಕೆ ಹೋಗುತ್ತೀರಿ. ಕಾಫಿ ಮಷಿನ್ ಹತ್ತಿರ ಮೂರು ಜನ ಮುಖ ಇಳಿಬಿಟ್ಟುಕೊಂಡು ನಿಂತಿರುತ್ತಾರೆ. ಯಾರದೋ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಅಂದುಕೊಳ್ಳುತ್ತೀರಿ. ಆಗಿರುವುದು ಇಷ್ಟೇ: ಹಿಂದಿನ ಸಂಜೆ ಅವರ ಅಮೆರಿಕನ್ ಫುಟ್‌ಬಾಲ್ ತಂಡ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್, ಕಾಲೇಜಿನಿಂದ ಬಂದ ಒಬ್ಬ ಹುಡುಗನನ್ನು ಆರಿಸಿಕೊಂಡಿದೆ. ಆ ಹುಡುಗ ಎನ್‌ಎಫ್‌ಎಲ್ ಅನ್ನುವ ಈ ಲೀಗಿನಲ್ಲಿ ಇನ್ನೂ ಒಂದು ಆಟವನ್ನೂ ಆಡಿಲ್ಲ.

ಮೊದಲು ಡ್ರಾಫ್ಟ್ ಅಂದರೇನು ಅಂತ ಬೇಗ ಹೇಳಿ ಮುಗಿಸುತ್ತೇನೆ. ಐಪಿಎಲ್ ಹರಾಜು ಗೊತ್ತಲ್ವಾ? ಅಲ್ಲಿ ದುಡ್ಡು ಕೂಗುತ್ತಾರೆ. ಇಲ್ಲಿ ಕೂಗುವುದಿಲ್ಲ, ಸರದಿ ನಿಲ್ಲುತ್ತಾರೆ. 32 ತಂಡ, 7 ಸುತ್ತು, ಮೂರು ದಿನ. ಹೋದ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಒಬ್ಬೊಬ್ಬ ಹುಡುಗನನ್ನು ಆರಿಸಿದರೆ ಅದು ಒಂದು 'ಪಿಕ್'. ಸರದಿಯನ್ನು ಬೇರೆ ತಂಡದ ಜೊತೆ ಬದಲಾಯಿಸಿಕೊಳ್ಳಬಹುದು, ಮುಂದಿನ ವರ್ಷದ ಸರದಿಯನ್ನೂ ಕೊಟ್ಟುಬಿಡಬಹುದು. ಎಲ್ಲ ಅವಾಂತರ ಶುರುವಾಗುವುದು ಇಲ್ಲೇ. ಮೊದಲ ಸುತ್ತು ನಮ್ಮ ಟೈಮಿನಲ್ಲಿ ಗುರುವಾರ ಸಂಜೆ 5ಕ್ಕೆ. ಅವತ್ತು ನಾಲ್ಕೂವರೆ ಮೀಟಿಂಗಿಗೆ ಯಾರೂ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. "ಕೈಯಲ್ಲಿ ಆಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು?" ಅನ್ನುವ ಜೋಕ್ ಬೇಡ. ನಿಮಗಿಂತ ಮುಂಚೆ ಬಂದ ಎಲ್ಲರೂ ಅದನ್ನು ಹೇಳಿ ಆಗಿದೆ.

ಈಗ ಮುಖ್ಯ ವಿಷಯ. ನಾನು ಇಲ್ಲಿಗೆ ಬಂದ ಹೊಸತರಲ್ಲಿ, ಜನ ಹೊಸ ಪಿಕ್ ಬಗ್ಗೆ ಕೂಗಾಡಿದರೆ ಅವರಿಗೆ ಆ ಹುಡುಗನ ಬಗ್ಗೆ ಏನೋ ಗೊತ್ತಿರಬೇಕು ಅಂದುಕೊಳ್ಳುತ್ತಿದ್ದೆ. ಏನೂ ಗೊತ್ತಿರುವುದಿಲ್ಲ. ಹೆಚ್ಚಿನವರು ಆ ಹೆಸರು ಕೇಳುವುದೇ ಅವತ್ತು. ಅವರು ಕೂಗುತ್ತಿರುವುದು ಯಾವುದೋ ಹಳೇ ವರ್ಷದ ಮೇಲೆ. ಆ ವರ್ಷ ಯಾವುದು ಅಂತ ಕಂಡುಹಿಡಿದರೆ ಮನುಷ್ಯ ಅರ್ಥವಾದ ಹಾಗೇ.

ಅರವತ್ತು ದಾಟಿದವರಾದರೆ ಸಾಮಾನ್ಯವಾಗಿ ಸಮಾಧಾನ ಜಾಸ್ತಿ. ಅವರ ವರ್ಷ 1979. ಆ ವರ್ಷ ಮೂರನೇ ಸುತ್ತಿನಲ್ಲಿ, 82ನೇ ಪಿಕ್ ಆಗಿ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜೋ ಮೊಂಟಾನಾ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆಲ್ಲಿಸಿಕೊಟ್ಟ. ಇವರು "ನೋಡೋಣ ಬಿಡು" ಅನ್ನುತ್ತಾರೆ. ನಲವತ್ತರ ಆಸುಪಾಸಿನವರ ವರ್ಷ 2005. ಮೊದಲ ಪಿಕ್ಕೇ ಕೈಯಲ್ಲಿತ್ತು. ಪಕ್ಕದ ಬರ್ಕ್ಲಿಯಲ್ಲಿ ಆಡುತ್ತಿದ್ದ, ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿಯಾಗಿದ್ದ ಆರನ್ ರಾಜರ್ಸ್‌ನನ್ನು ಬಿಟ್ಟು ಅಲೆಕ್ಸ್ ಸ್ಮಿತ್‌ನನ್ನು ತೆಗೆದುಕೊಂಡರು. ರಾಜರ್ಸ್ 24ನೇ ಪಿಕ್‌ವರೆಗೂ ಕಾಯುತ್ತಾ ಕೂತು ಗ್ರೀನ್ ಬೇ ತಂಡದ ಪಾಲಾದ. ಟಾಮ್ ಬ್ರೇಡಿ ಕೂಡ ಇಲ್ಲೇ ಸ್ಯಾನ್ ಮಟೇಯೋ ಹುಡುಗ. 2000ದಲ್ಲಿ 199ನೇ ಪಿಕ್ ಬರುವವರೆಗೆ ಎಲ್ಲ ತಂಡಗಳೂ ಅವನನ್ನು ಬಿಟ್ಟವು, ನಮ್ಮವರೂ ಬಿಟ್ಟರು. ಇಬ್ಬರೂ ಆಮೇಲೆ ಬೇರೆ ಊರಿನಲ್ಲಿ ಮಹಾನ್ ಆಟಗಾರರಾದರು. ಈ ಎರಡು ಹೆಸರನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ.

ಮೂವತ್ತರವರದು 2017. ಮೂರನೇ ಪಿಕ್‌ನಲ್ಲಿ ಸಾಲೊಮನ್ ಥಾಮಸ್ ಬಂದ. ಹತ್ತನೆಯದರಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಕ್ಯಾನ್ಸಸ್ ಸಿಟಿಗೆ ಹೋದ. ಆ ಮಹೋಮ್ಸ್ ಮುಂದೆ 2020ರ ಫೆಬ್ರವರಿ, 2024ರ ಫೆಬ್ರವರಿ, ಎರಡು ಸಲ ಸೂಪರ್ ಬೌಲ್‌ನಲ್ಲಿ ನಮ್ಮವರನ್ನೇ ಸೋಲಿಸಿದ. ಎರಡನೆಯದು ಓವರ್‌ಟೈಮಿನಲ್ಲಿ, 25-22. ಆ ರಾತ್ರಿ ನಮ್ಮ ಬೀದಿಯಲ್ಲಿ ನಾಯಿ ಕೂಡ ಬೊಗಳಲಿಲ್ಲ.

ಇವೆಲ್ಲಕ್ಕಿಂತ ಹಸಿಯಾದದ್ದು 2021. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಪಕ್ಕದ ಮನೆಯ ಯಜಮಾನರು ಪೋಸ್ಟ್ ಆಫೀಸಿನಲ್ಲಿದ್ದು ನಿವೃತ್ತರಾದವರು. ತಂದೆಯ ಕೈ ಹಿಡಿದು ತಂಡದ ಹಳೆಯ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕಿಗೆ ಹೋಗುತ್ತಿದ್ದವರು. ಆ ವರ್ಷ ಕೊರೋನಾ ಅಂತ ಗ್ಯಾರೇಜ್ ಬಾಗಿಲು ಪೂರ್ತಿ ತೆರೆದು, ಟಿವಿ ಹೊರಗಿಟ್ಟು, ದೂರ ದೂರ ಕುರ್ಚಿ ಹಾಕಿ ನಮ್ಮನ್ನೂ ಕರೆದಿದ್ದರು. ತಂಡ ಮೂರನೇ ಪಿಕ್‌ಗೆ ಏರಲು ಮಯಾಮಿ ತಂಡಕ್ಕೆ ಆ ವರ್ಷದ್ದೂ ಸೇರಿ ಮೂರು ವರ್ಷದ ಮೊದಲ ಸುತ್ತಿನ ಪಿಕ್‌ಗಳನ್ನು ಕೊಟ್ಟಿತ್ತು, ಮೇಲೆ ಮೂರನೇ ಸುತ್ತಿನದೊಂದು ಬೇರೆ. ಯಾರಿಗಾಗಿ ಅಂತ ಒಂದು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಯಜಮಾನರು ಕೈಯಲ್ಲಿ ಬಿಯರ್ ಹಿಡಿದು ಕುಡಿಯದೇ ಕೂತಿದ್ದರು. ಹೆಸರು ಬಂತು: ಟ್ರೇ ಲ್ಯಾನ್ಸ್, ನಾರ್ತ್ ಡಕೋಟ ಸ್ಟೇಟ್. ಹಿಂದಿನ ಸೀಸನ್ನಿನಲ್ಲಿ ಅವನು ಆಡಿದ್ದು ಒಂದೇ ಆಟ. ಗ್ಯಾರೇಜಿನ ಅರ್ಧ ಜನ ಎದ್ದು ಕುಣಿದರು. ಯಜಮಾನರು ಬಿಯರ್ ಕೆಳಗಿಟ್ಟು, "ಸರಿ, ಇವನೇ ನಮ್ಮ ಹುಡುಗ" ಅಂದರು. ನಾನಂತೂ ಅವತ್ತು ರಾತ್ರಿಯೇ ನೂರು ಡಾಲರ್‌ಗೂ ಜಾಸ್ತಿ ಕೊಟ್ಟು 5ನೇ ನಂಬರಿನ ಲ್ಯಾನ್ಸ್ ಜೆರ್ಸಿ ಆರ್ಡರ್ ಮಾಡಿದೆ. ಹೆಂಡತಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಭಯ.

ಮರುವರ್ಷ ಡ್ರಾಫ್ಟಿನ ಕೊನೆಯ ದಿನ, ಶನಿವಾರ. 262ನೇ ಪಿಕ್, ಇಡೀ ಡ್ರಾಫ್ಟಿನ ಕಟ್ಟಕಡೆಯದು, ನಮ್ಮದಾಗಿತ್ತು. ಹಾಗೆ ಕೊನೆಗೆ ಬಂದವನಿಗೆ ಇಲ್ಲಿ 'ಮಿಸ್ಟರ್ ಇರೆಲವೆಂಟ್' ಅಂತ ಹೆಸರು, ಲೆಕ್ಕಕ್ಕಿಲ್ಲದವನು ಅಂತ. ಅವನನ್ನು ನ್ಯೂಪೋರ್ಟ್ ಬೀಚಿಗೆ ಕರೆದುಕೊಂಡು ಹೋಗಿ ಪ್ರೀತಿಯಿಂದ ಕಾಲೆಳೆದು, ಚೆಂಡು ಕೈಜಾರಿ ಬೀಳುತ್ತಿರುವ ಆಟಗಾರನ ಗೊಂಬೆಯಿರುವ ಟ್ರೋಫಿ ಕೊಡುತ್ತಾರೆ. 1976ರಿಂದ ನಡೆದು ಬಂದ ಪದ್ಧತಿ. ಆ ಹೊತ್ತಿಗೆ ನಮ್ಮ ಯಜಮಾನರು ಟಿವಿ ಬಿಟ್ಟು ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು. ಬ್ರಾಕ್ ಪರ್ಡಿ ಅನ್ನುವ ಹೆಸರು ಬಂದಾಗ ಯಾರೂ ಕೂಗಲಿಲ್ಲ, ಅಳಲಿಲ್ಲ. ಏನೂ ಇಲ್ಲ.

ಆಮೇಲಿನದು ಇಲ್ಲಿ ಮಕ್ಕಳಿಗೂ ಗೊತ್ತು. 2022ರ ಸೀಸನ್ನಿನ ಎರಡನೇ ಆಟದಲ್ಲಿ ಲ್ಯಾನ್ಸ್ ಕಾಲು ಮುರಿದುಕೊಂಡ. ಡಿಸೆಂಬರಿನಲ್ಲಿ ಅವನ ಜಾಗದಲ್ಲಿ ಆಡುತ್ತಿದ್ದ ಜಿಮ್ಮಿ ಗರಾಪಲೊಗೂ ಪಾದದ ಪೆಟ್ಟು. ಮೂರನೇ ಕ್ವಾರ್ಟರ್‌ಬ್ಯಾಕ್ ಆಗಿ ಪರ್ಡಿ ಒಳಗೆ ಬಂದ, ಆ ಜಾಗ ಅವನದೇ ಆಯಿತು. ಲ್ಯಾನ್ಸ್‌ನನ್ನು 2023ರ ಆಗಸ್ಟಿನಲ್ಲಿ ಡಾಲಸ್‌ಗೆ ಕೊಟ್ಟರು. ಬದಲಿಗೆ ಸಿಕ್ಕಿದ್ದು ನಾಲ್ಕನೇ ಸುತ್ತಿನ ಒಂದು ಪಿಕ್. ಅದೂ ಡಾಲಸ್‌ಗೆ! ಡಾಲಸ್ ಅಂದರೆ ನಮ್ಮವರಿಗೆ ಎಂಥ ಸಂಕಟ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಆರ್‌ಸಿಬಿಯವರು ಚೆನ್ನೈ ಅಂತ ಓದಿಕೊಳ್ಳಿ.

ಆರ್‌ಸಿಬಿ ಮಾತು ಬಂತಲ್ಲ. ಇಲ್ಲಿಯವರನ್ನು ನೋಡಿ ನಗುವ ಮುಂಚೆ 2024ರ ನವೆಂಬರಿನ ಜೆಡ್ಡಾ ಹರಾಜನ್ನು ನೆನಪಿಸಿಕೊಳ್ಳಿ. ರಾಹುಲ್ ಡೆಲ್ಲಿಗೆ ಹೋದ, ಸಿರಾಜ್ ಗುಜರಾತ್‌ಗೆ ಹೋದ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೈಸೂರಿನ ಅಕ್ಕನ ಮಗ ಮೂರು ದಿನ ಬೈದ. ಇದು ತಂಡಾನಾ, ಕೃಣಾಲ್ ಪಾಂಡ್ಯ ಯಾಕೆ ಬೇಕಿತ್ತು ಅಂತ. 2025ರ ಜೂನ್ 3ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಯಾರು? ಅದೇ ಕೃಣಾಲ್. ಹುಡುಗ ಆ ಹಳೇ ಮೆಸೇಜುಗಳನ್ನೆಲ್ಲ ಅಳಿಸಿಹಾಕಿದ್ದಾನೆ. ನಾನು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಮಾತಿಗೆ ಸೇರಿಕೊಳ್ಳಬೇಕು ಅಂದರೆ ಒಂದೇ ಪ್ರಶ್ನೆ ಸಾಕು: "ನಿಮಗೆ ಯಾರು ಬೇಕಿತ್ತು?" ಇಷ್ಟು ಕೇಳಿ ಸುಮ್ನೆ ನಿಂತರೆ ಹತ್ತು ನಿಮಿಷ ಕಳೆಯುತ್ತದೆ, ನಿಮಗೊಬ್ಬ ಸ್ನೇಹಿತನೂ ಸಿಕ್ಕಿರುತ್ತಾನೆ. ಉತ್ತರ ಬಹಳಷ್ಟು ಸಲ 'ಓ-ಲೈನ್' ಅಂತಲೇ ಇರುತ್ತದೆ. ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐದು ದಪ್ಪ ಮನುಷ್ಯರು. 2025ರಲ್ಲಿ ತಂಡದ ಮೊದಲ ಐದು ಪಿಕ್‌ಗಳೂ ಡಿಫೆನ್ಸ್‌ಗೆ ಹೋದವು. ಆ ಸಾಲಿನವನೊಬ್ಬ ಬಂದದ್ದು ಏಳನೇ ಸುತ್ತಿನಲ್ಲಿ. ಆ ವಾರ ನನ್ನ ಮ್ಯಾನೇಜರ್ ಹತ್ತಿರ ರಜೆ ಕೇಳಲು ಹೋಗಲಿಲ್ಲ.

ಟ್ರೇಡ್ ವಿಷಯಕ್ಕೆ ದುಡ್ಡಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ, 2025ಕ್ಕೆ ಸುಮಾರು 279 ಮಿಲಿಯನ್ ಡಾಲರ್. ಪರ್ಡಿ ಮೊದಲ ಮೂರು ಸೀಸನ್ ವರ್ಷಕ್ಕೆ ಒಂದು ಮಿಲಿಯನ್ನಿನ ಆಸುಪಾಸಿನಲ್ಲಿ ಆಡಿದ. ಅದಕ್ಕೇ ಉಳಿದ ದೊಡ್ಡ ಆಟಗಾರರನ್ನು ಸಾಕಲು ಆಯಿತು. 2025ರ ಮೇ ತಿಂಗಳಲ್ಲಿ ಅವನಿಗೆ ಐದು ವರ್ಷಕ್ಕೆ 265 ಮಿಲಿಯನ್ ಒಪ್ಪಿದರು. ಅಷ್ಟರೊಳಗೆ ಮಾರ್ಚಿನಲ್ಲೇ ಮನೆ ಖಾಲಿ ಮಾಡುವುದು ಶುರುವಾಗಿತ್ತು. ಡ್ರೀ ಗ್ರೀನ್‌ಲಾ, ಹುಫಾಂಗ ಇಬ್ಬರೂ ಡೆನ್ವರ್‌ಗೆ ಹೋದರು. ಡೀಬೋ ಸ್ಯಾಮ್ಯುಯೆಲ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟರು, ಬದಲಿಗೆ ಐದನೇ ಸುತ್ತಿನ ಒಂದು ಪಿಕ್. "ಡೀಬೋಗೆ ಐದನೇ ಸುತ್ತಾ!" ಅಂತ ಒಬ್ಬ ಕೂಗಿದರೆ, ಇನ್ನೊಬ್ಬ ತಕ್ಷಣ "ಕಿಟ್ಟಲ್ ಬಂದದ್ದೂ ಐದನೇ ಸುತ್ತಲ್ಲೇ" ಅನ್ನುತ್ತಾನೆ. ಎರಡೂ ನಿಜ, ಆ ಕಿಟ್ಟಲ್ ಮುಂದೆ ತಂಡದ ದೊಡ್ಡ ಆಟಗಾರನಾದ. ಮಧ್ಯೆ ಬಾಯಿ ಹಾಕಬೇಡಿ.

ಈಸ್ಟ್ ಬೇಯಲ್ಲಿ ಮನೆ ಮಾಡಿದವರಿಗೆ ಒಂದು ಕಿವಿಮಾತು. ಕಪ್ಪು-ಬೆಳ್ಳಿ ಬಣ್ಣದ ಟೋಪಿ ಹಾಕಿದವರು ಕಂಡರೆ ಅವರು ರೇಡರ್ಸ್‌ನವರು. ಆ ತಂಡ 2020ರಲ್ಲಿ ಓಕ್‌ಲ್ಯಾಂಡ್ ಬಿಟ್ಟು ಲಾಸ್ ವೇಗಸ್‌ಗೆ ಹೋಯಿತು. ಅವರ ಹತ್ತಿರ ಡ್ರಾಫ್ಟ್ ಬಗ್ಗೆ ಕೇಳುವ ಮುಂಚೆ ಅವರ ಮೊಮ್ಮಕ್ಕಳ ಬಗ್ಗೆ ಕೇಳಿ.

ಆಗಸ್ಟ್ ಕೊನೆಯ ವಾರ ಇನ್ನೊಂದು ಸುದ್ದಿ ಇರುತ್ತದೆ. ಪ್ರತಿ ತಂಡವೂ 90 ಜನರನ್ನು 53ಕ್ಕೆ ಇಳಿಸಬೇಕು. ಒಂದೇ ವಾರದಲ್ಲಿ ಸಾವಿರಕ್ಕೂ ಹೆಚ್ಚು ಹುಡುಗರು ಆ ಪಟ್ಟಿಯಿಂದ ಹೊರಗೆ. ಕಟ್ ಆದವರಲ್ಲಿ ಹೊಸಬರು 'ವೇವರ್ಸ್'ಗೆ ಹೋಗುತ್ತಾರೆ. 24 ಗಂಟೆಯೊಳಗೆ ಬೇರೆ ತಂಡ ಎತ್ತಿಕೊಳ್ಳಬಹುದು. ಅಭಿಮಾನಿಗಳು ಇದರಲ್ಲಿ ಮಾತ್ರ ಅಷ್ಟಾಗಿ ಕೂಗಾಡುವುದಿಲ್ಲ, ಗಮನಿಸಿ.

ನನ್ನ ಕೆಲಸ ಹೋದದ್ದೂ ಅಂಥದೇ ಒಂದು ಆಗಸ್ಟಿನಲ್ಲಿ. ಕಂಪನಿ ಹೆಸರು ಬೇಡ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಲಾಗಿನ್ ಆಗಲಿಲ್ಲ, ಅಷ್ಟೇ. ಎಚ್-1ಬಿ ವೀಸಾ ಲೆಕ್ಕದಲ್ಲಿ ಇನ್ನೊಂದು ಕೆಲಸ ಹುಡುಕಲು ಕೈಯಲ್ಲಿ 60 ದಿನ. ಸಂಜೆ ಕಸದ ಡಬ್ಬ ಹೊರಗೆ ತಳ್ಳುವಾಗ ಯಜಮಾನರು ಸಿಕ್ಕರು, ಮುಖ ನೋಡಿಯೇ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗರಿಗೆ ಒಂದು ದಿನ ಕೊಡುತ್ತಾರೆ, ನಿನಗೆ ಅರವತ್ತು ಕೊಟ್ಟಿದ್ದಾರೆ. ಯಾರಾದರೂ ಎತ್ತಿಕೊಳ್ಳುತ್ತಾರೆ" ಅಂದರು. 41ನೇ ದಿನ ಎತ್ತಿಕೊಂಡರು. ಅವರಿಗೆ ಹೇಳಲು ಹೋದಾಗ, "ಎಷ್ಟನೇ ಸುತ್ತು?" ಅಂತ ಕೇಳಿದರು.

ಜೆರ್ಸಿ ವಿಷಯ ಬಾಕಿ ಇತ್ತು. ಮೊದಲ ವರ್ಷದ ಹುಡುಗನ ಹೆಸರಿರುವುದನ್ನು ಕೊಳ್ಳಬೇಡಿ. ಮೊಂಟಾನಾ ಅವರ 16ನೇ ನಂಬರ್ ಕೊಂಡರೆ ಯಾವ ಕಾಲಕ್ಕೂ ಮೋಸವಿಲ್ಲ. ನನ್ನ 5ನೇ ನಂಬರಿನದನ್ನು ಬಿಸಾಕಲು ಮನಸ್ಸು ಬರಲಿಲ್ಲ. ಡಿಸೆಂಬರಿನಲ್ಲಿ ಮಂಜು ಬೀಳುವ ರಾತ್ರಿಗಳಲ್ಲಿ ಹಿತ್ತಿಲ ಕರಿಬೇವಿನ ಗಿಡಕ್ಕೆ ಅದನ್ನು ತೊಡಿಸಿ, ಕೆಳಗೆ ದಾರ ಕಟ್ಟುತ್ತೇವೆ. ಗಿಡ ಚೆನ್ನಾಗಿದೆ. ಎಲೆ ಬೇಕಿದ್ದರೆ ಮನೆಗೆ ಬನ್ನಿ.