ಗಡ್ಡೆ ಕೊಳೆಸಿ ಕಲಿತ ರೂಬಾರ್ಬ್

ಮೊದಲ ಗಡ್ಡೆಯನ್ನು ನಾನೇ ಕೊಂದೆ. ಅದೂ ಆರೈಕೆ ಜಾಸ್ತಿಯಾಗಿ.

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು, ಪಟ್ಟಿಯಲ್ಲಿ ಹೆಸರು ಬರೆಸಿ ನಾಲ್ಕು ವರ್ಷ ಕಾದ ಮೇಲೆ ನಮಗೊಂದು ಅಲಾಟ್‌ಮೆಂಟ್ ಸಿಕ್ಕಿತು. ಬಾಡಿಗೆ ಕೊಟ್ಟು ತರಕಾರಿ ಬೆಳೆದುಕೊಳ್ಳುವ ತುಂಡು ಜಾಗ ಅದು. ಅಕ್ಕಪಕ್ಕದವರೆಲ್ಲರ ಜಾಗದಲ್ಲೂ ಒಂದು ಮೂಲೆಯಲ್ಲಿ ರೂಬಾರ್ಬ್ ಇತ್ತು. ಕೆಂಪು ದಂಟು, ಮೊರದಗಲದ ಎಲೆ. ದಂಟಿಗೆ ಸಕ್ಕರೆ ಸುರಿದು ಬೇಯಿಸಿ ಸಿಹಿ ಮಾಡುತ್ತಾರೆ. ಹಸಿ ದಂಟು ಕಚ್ಚಿದರೆ ಎಳೆ ಹುಣಸೆಕಾಯಿ ಕಚ್ಚಿದ ಹಾಗೆ, ಹಲ್ಲೆಲ್ಲ ಜುಮ್ ಅನ್ನುತ್ತದೆ. ಹುಳಿ ಅಂದರೆ ಬಿಡುವವರೇ ನಾವು? ನವೆಂಬರಿನಲ್ಲಿ ನಾನೂ ಒಂದು ಗಡ್ಡೆ ತಂದೆ.

ಚಳಿ ಶುರುವಾದರೆ ಎಲೆಯೆಲ್ಲ ಸತ್ತು ಗಡ್ಡೆ ಮಾತ್ರ ಮಣ್ಣೊಳಗೆ ಮಲಗಿರುತ್ತದೆ. ಹಾಗೆ ಮಲಗಿರುವಾಗಲೇ ಕಿತ್ತು ಮಾರುತ್ತಾರೆ. ನಾನು ತಂದದ್ದು ನೋಡಲಿಕ್ಕೆ ಒಲೆಗೆ ಹಾಕುವ ಕಟ್ಟಿಗೆ ತುಂಡಿನಂತಿತ್ತು. ಮೇಲೆ ಹೆಬ್ಬೆರಳ ತುದಿಯಷ್ಟು ಒಂದು ಗುಲಾಬಿ ಕಣ್ಣು. ತೀರ್ಥಹಳ್ಳಿ ಕಡೆಯವರಿಗೆ ಸುವರ್ಣಗಡ್ಡೆ ನೆಟ್ಟು ಗೊತ್ತಿರುತ್ತದಲ್ಲ, ಅದೇ ಲೆಕ್ಕದಲ್ಲಿ ಗುಂಡಿ ತೆಗೆದು, ಗೊಬ್ಬರ ಹಾಕಿ, ಕಣ್ಣಿನ ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿದೆ. ಪಾಪ, ಚಳಿಯಾದೀತು ಅಂತ ಮೇಲೊಂದಷ್ಟು ಹುಲ್ಲನ್ನೂ ಹೊದಿಸಿದೆ. ನಮ್ಮದು ಜೇಡಿಮಣ್ಣು. ಮಳೆ ಬಿದ್ದರೆ ನೀರು ಇಳಿಯುವುದೇ ಇಲ್ಲ.

ಮಾರ್ಚಿನಲ್ಲಿ ಎಲ್ಲರದೂ ಚಿಗುರಿತು, ನನ್ನದು ಏಳಲಿಲ್ಲ. ಕೆದಕಿ ನೋಡಿದೆ. ಬೆರಳು ಗಡ್ಡೆಯೊಳಗೆ ಪಚಕ್ಕನೆ ಇಳಿಯಿತು. ಕಂದು ಲೋಳೆ, ಕೊಳೆತ ವಾಸನೆ.

ಪಕ್ಕದ ಜಾಗದ ಅಜ್ಜ ಬಂದು ಗುಂಡಿ ನೋಡಿ, ಕಣ್ಣನ್ನು ಯಾಕೆ ಹೂತೆ ಅಂತ ಕೇಳಿದರು. ಕಣ್ಣು ನೆಲದ ಮಟ್ಟಕ್ಕೇ ಇರಬೇಕಂತೆ. ನೀರು ನಿಲ್ಲುವ ಮಣ್ಣಾದರೆ ಇನ್ನೊಂಚೂರು ಮೇಲೆ. ಆಮೇಲೆ ಹುಲ್ಲು ನೋಡಿ ನಕ್ಕರು. ಚೆನ್ನಾಗಿ ಚಳಿ ತಿಂದರೇನೇ ಇದು ಗಟ್ಟಿಯಾಗಿ ಏಳುವುದು ಅಂದರು. ನಾನು ಅದಕ್ಕೆ ಬೇಕಾದ್ದನ್ನೇ ತಪ್ಪಿಸಿದ್ದೆ!

ಮತ್ತೆ ಗಡ್ಡೆಗೆ ದುಡ್ಡು ಹಾಕಲು ಮನಸ್ಸಾಗದೆ ಬೀಜದ ಪೊಟ್ಟಣ ತಂದೆ. ‘ವಿಕ್ಟೋರಿಯಾ’ ಅನ್ನುವ ಹಳೇ ತಳಿ, 1837ರ ಸುಮಾರಿನದು. ಬೀಜದ ಸುತ್ತ ಕಾಗದದಂಥ ರೆಕ್ಕೆ ಇರುತ್ತದೆ, ಊದಿದರೆ ಹಾರಿಹೋಗುತ್ತದೆ. ಎರಡು ಗಂಟೆ ನೀರಲ್ಲಿ ನೆನೆಹಾಕಿ, ಸಣ್ಣ ಕುಂಡಗಳಲ್ಲಿ ಅರ್ಧ ಬೆರಳು ಆಳಕ್ಕೆ ಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟೆ. ಹತ್ತರಲ್ಲಿ ಏಳು ಮೊಳೆತವು, ಹನ್ನೆರಡು ದಿನ ಹಿಡಿಯಿತು. ಬೀಜದಿಂದ ಬಂದ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವ ಖಾತ್ರಿಯಿಲ್ಲ. ನನ್ನವುಗಳಲ್ಲಿ ಮೂರರ ದಂಟು ಕೆಂಪು, ನಾಲ್ಕರದ್ದು ಹಸಿರು. ಹಸಿರಿನದೇನೂ ರುಚಿ ಕಮ್ಮಿಯಿಲ್ಲ, ನೋಡಲಿಕ್ಕಷ್ಟೇ ಸಪ್ಪೆ.

ಜೂನಿನಲ್ಲಿ ಐದನ್ನು ಏರುಪಾತಿ ಮಾಡಿ ನೆಟ್ಟೆ, ಗಿಡದಿಂದ ಗಿಡಕ್ಕೆ ಮೂರಡಿ ಬಿಟ್ಟು. ಎರಡು ಕುಂಡದಲ್ಲೇ ಉಳಿದವು. ಚಳಿಗಾಲ ಬಂದಾಗ ಹಳೇ ಬುದ್ಧಿ ಬಿಡಲಿಲ್ಲ ನೋಡಿ, ಆ ಎರಡನ್ನು ಮನೆಯೊಳಗೆ ತಂದಿಟ್ಟೆ. ಹೊರಗಿನ ಐದು ಹಿಮ ಬಿದ್ದು ಕಪ್ಪಾಗಿ ಮಲಗಿದವು. ಫೆಬ್ರವರಿ ಕೊನೆಗೆ ಮಣ್ಣು ಸೀಳಿಕೊಂಡು ಕೆಂಪು ಮುಷ್ಟಿಗಳ ಹಾಗೆ ಎದ್ದುಬಂದವು. ಒಳಗಿನ ಎರಡು ಮಲಗಲೂ ಇಲ್ಲ, ಏಳಲೂ ಇಲ್ಲ. ಬಿಳಿಚಿಕೊಂಡ ಸಣಕಲು ದಂಟು, ಅಂಗೈಯಷ್ಟು ಎಲೆ. ಆಮೇಲೆ ಹೊರಗಿಟ್ಟರೂ ಚೇತರಿಸಲಿಲ್ಲ.

ಹತ್ತಿರದ ವೇಕ್‌ಫೀಲ್ಡ್ ಕಡೆ ಇದೇ ಗುಣವನ್ನು ಹಿಡಿದು ವ್ಯಾಪಾರ ಮಾಡುತ್ತಾರೆ. ಗಡ್ಡೆಯನ್ನು ಎರಡು ವರ್ಷ ದಂಟು ಕೀಳದೆ ಹೊಲದಲ್ಲಿ ಬೆಳೆಸಿ, ಹಿಮ ತಿನ್ನಿಸಿ, ಆಮೇಲೆ ಕಿತ್ತು ಬೆಚ್ಚಗಿನ ಕತ್ತಲೆ ಶೆಡ್ಡಿಗೆ ತರುತ್ತಾರೆ. ವಸಂತ ಬಂತು ಅಂದುಕೊಂಡು ಗಡ್ಡೆ ದಡಬಡ ಚಿಗುರುತ್ತದೆ. ಕೊಯ್ಲು ಮೋಂಬತ್ತಿ ಬೆಳಕಿನಲ್ಲಿ. ಅಲ್ಲಿ ಉಸಿರು ಹಿಡಿದು ನಿಂತರೆ ಮೊಗ್ಗು ಬಿಚ್ಚುವ ಟಪ್ ಟಪ್ ಸದ್ದು ಕೇಳುತ್ತದೆ. ಆ ಯಾರ್ಕ್‌ಶೈರ್ ರೂಬಾರ್ಬಿಗೆ 2010ರಲ್ಲಿ ಯುರೋಪಿನ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ, ನಮ್ಮ ಮೈಸೂರು ಮಲ್ಲಿಗೆಗೆ ಸಿಕ್ಕ ಹಾಗೆ.

ಅಲ್ಲಿಂದ ಬಂದ ಹುಮ್ಮಸ್ಸಿನಲ್ಲಿ ‘ಟಿಂಪರ್ಲಿ ಅರ್ಲಿ’ ತಳಿಯ ಇನ್ನೊಂದು ಗಡ್ಡೆ ತಂದೆ. ಜನವರಿಯಲ್ಲಿ ಕಣ್ಣು ಮೇಲೆ ಕಾಣುವ ಹಾಗೆ ನೆಟ್ಟು, ಏನನ್ನೂ ಹೊದಿಸದೆ ಬಿಟ್ಟೆ. ಆರಾಮಾಗಿ ಬಂತು. ಗಡ್ಡೆ ನೆಟ್ಟರೆ ಒಂದು ವರ್ಷ ಕೈ ಹಚ್ಚಬಾರದು. ಬೀಜದ್ದಾದರೆ ಎರಡು ವರ್ಷ. ಮನೆಗೆ ಒಂದೇ ಗಿಡ ಸಾಕು ಅನ್ನುವವರು ಗಡ್ಡೆ ತರಲಿ. ಜಾಗ ಇದ್ದು ಕಾಯುವವರು ಬೀಜ ಹಾಕಲಿ. ಹೂದಂಡು ಬಂದರೆ ಬುಡಕ್ಕೇ ಕತ್ತರಿಸಿ, ಶಕ್ತಿಯೆಲ್ಲ ಅದೇ ಎಳೆದುಕೊಳ್ಳುತ್ತದೆ. ತಿನ್ನುವ ದಂಟನ್ನು ಮಾತ್ರ ಚಾಕುವಿನಿಂದ ಕೊಯ್ಯಬೇಡಿ. ಬುಡ ಹಿಡಿದು ಸ್ವಲ್ಪ ತಿರುಚಿ ಎಳೆದರೆ ಕಳಚಿಕೊಳ್ಳುತ್ತದೆ. ಅರ್ಧ ದಂಟು ಗಿಡದಲ್ಲೇ ಇರಲಿ. ಜುಲೈ ಬಂತು ಅಂದರೆ ನಾನು ಕೀಳುವುದನ್ನೇ ನಿಲ್ಲಿಸುತ್ತೇನೆ.

ದಂಟು ನಮ್ಮನೆಯಲ್ಲಿ ಗೊಜ್ಜಾಗುತ್ತದೆ. ಬೆಲ್ಲ, ಖಾರ, ಮೆಂತ್ಯ, ಇಂಗಿನ ಒಗ್ಗರಣೆ. ಹುಣಸೆಹುಳಿ ಬೇಡವೇ ಬೇಡ. ಐದೇ ನಿಮಿಷಕ್ಕೆ ಕರಗಿ ಮುದ್ದೆಯಾಗುತ್ತದೆ.

ಹೋದ ಬೇಸಿಗೆಯಲ್ಲಿ ಅಮ್ಮ ಊರಿಂದ ಬಂದಿದ್ದಳು. ಒಂದು ಮಧ್ಯಾಹ್ನ ಆಫೀಸಿಂದ ಬಂದರೆ ಮೇಜಿನ ಮೇಲೆ ರೂಬಾರ್ಬ್ ಎಲೆ ಸಾಲಾಗಿ ಹಾಸಿದೆ, ಪಕ್ಕದ ಪಾತ್ರೆಯಲ್ಲಿ ರುಬ್ಬಿದ ಅಕ್ಕಿಹಿಟ್ಟು. ಕೆಸುವಿನೆಲೆಗಿಂತ ದೊಡ್ಡದಿದೆ, ಪತ್ರೊಡೆ ಮಾಡೋಣ ಅಂತ! ಎದೆ ಧಸಕ್ ಅಂತು. ಈ ಎಲೆ ವಿಷ. ಆಕ್ಸಾಲಿಕ್ ಆಮ್ಲ ಜಾಸ್ತಿ. ಕೆಸುವಿನ ತುರಿಕೆಗಾದರೆ ಹುಣಸೆಹುಳಿ ಹಾಕಿ ಬೇಯಿಸುತ್ತೇವೆ, ಇದು ಹಾಗೆ ಸರಿಹೋಗುವಂಥದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿಯವರೇ ಸೊಪ್ಪಿನ ಬದಲಿಗೆ ಇದನ್ನು ತಿಂದು ವಿಷವಾದದ್ದುಂಟು. ಅಂದು ಆ ಹಿಟ್ಟಿನಲ್ಲಿ ದೋಸೆ ಹುಯ್ದೆವು.

ಎಲೆಯೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತದೆ, ಅಲ್ಲಿ ಕೊಳೆತರೆ ಏನೂ ತೊಂದರೆಯಿಲ್ಲ. ವಿಡಿಯೋ ಕಾಲ್‌ನಲ್ಲಿ ಗಿಡ ತೋರಿಸಿದಾಗೆಲ್ಲ ಅಮ್ಮ ಮಾತ್ರ ಈಗಲೂ ಅನ್ನುತ್ತಾಳೆ: “ಅಷ್ಟು ಚಂದದ ಎಲೆ, ಸುಮ್ನೆ ದಂಡ.”