ಘಟ್ಟದಲ್ಲಿ ಗಾಡಿ ಗುದ್ದಿದರೆ: ಇನ್ಶೂರೆನ್ಸ್ ದುಡ್ಡು ಎಲ್ಲಿ ಸೋರುತ್ತದೆ

ಮಳೆಗಾಲದಲ್ಲಿ ಕೊಡಗಿನ ಸಂಪಾಜೆ ಘಾಟಿಯಲ್ಲಿ ಜಾರಿ ತಡೆಗೋಡೆಗೆ ಗುದ್ದಿದ ಕಾರು, ಮಾಕುಟ್ಟ ರಸ್ತೆಯಲ್ಲಿ ಮರ ಬಿದ್ದ ಜೀಪು, ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆ) ಜರಿದು ಮಣ್ಣಿನಡಿ ಸಿಕ್ಕ ಪಿಕಪ್, ಸಿದ್ದಾಪುರದ ಕಡೆ ಆನೆ ತುಳಿದ ಬೈಕು: ಸ್ವಂತ ಗಾಡಿಯ ಹಾನಿಯೂ ಸೇರಿದ ಕಾಂಪ್ರೆಹೆನ್ಸಿವ್ ಪಾಲಿಸಿ ಇದ್ದರೆ ನಾಲ್ಕಕ್ಕೂ ಕ್ಲೈಮ್ ಮಾಡಬಹುದು. ಬೇರೆಯವರಿಗಾದ ಹಾನಿಗೆ ಮಾತ್ರ ಇರುವ ಥರ್ಡ್ ಪಾರ್ಟಿಯನ್ನಷ್ಟೇ ಮಾಡಿಸಿದ್ದರೆ ನಿಮ್ಮ ಗಾಡಿಗೆ ಒಂದು ರೂಪಾಯಿಯೂ ಇಲ್ಲ.

ಗಾಡಿ ಕದಲಿಸುವ ಮೊದಲೇ ಫೋಟೊ ತೆಗೆಯಿರಿ. ನಂಬರ್ ಪ್ಲೇಟು, ಪೆಟ್ಟಾದ ಜಾಗ, ಬಿದ್ದ ಮರ ಅಥವಾ ಬರೆ ಒಂದೇ ಚಿತ್ರದಲ್ಲಿ ಬರಲಿ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಮಯ ಬರೆದಿಟ್ಟುಕೊಂಡು, ಸಿಗ್ನಲ್ ಬಂದ ಕೂಡಲೇ ಕಂಪನಿಗೆ ತಿಳಿಸಿ ಕ್ಲೈಮ್ ನಂಬರ್ ಪಡೆಯಿರಿ. ಗಾಡಿ ನೀರಲ್ಲಿ ನಿಂತಿದ್ದರೆ ಕೀ ತಿರುಗಿಸಲೇಬೇಡಿ. ಸಿಲಿಂಡರಿಗೆ ನೀರು ಹೋದ ಮೇಲೆ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಆ ಖರ್ಚು ನಿಮ್ಮ ತಲೆಗೇ ಬರುವುದು ಹೆಚ್ಚು.

ಯಾರಿಗಾದರೂ ಗಾಯವಾಗಿದ್ದರೆ 112ಕ್ಕೆ ಕರೆ ಮಾಡಿ, ಠಾಣೆಗೆ ತಿಳಿಸಿ. ರಸ್ತೆ ಬದಿಯಲ್ಲೇ ರಾಜಿ ಮಾಡಿಕೊಂಡು ‘ತಪ್ಪು ನನ್ನದೇ, ಇಷ್ಟು ಕೊಡುತ್ತೇನೆ’ ಎಂದು ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹಾಗೆ ಒಪ್ಪಿಕೊಳ್ಳುವುದು ಪಾಲಿಸಿ ಷರತ್ತಿಗೇ ವಿರುದ್ಧ. ಗಾಯಾಳುವಿನ ಪರಿಹಾರ ತೀರ್ಮಾನವಾಗುವುದು ಮೋಟಾರು ಅಪಘಾತ ಕ್ಲೈಮು ನ್ಯಾಯಮಂಡಳಿಯಲ್ಲಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅರ್ಜಿಗೆ ಆರು ತಿಂಗಳ ಗಡುವು. ಗುದ್ದಿದ ಗಾಡಿ ಕೇರಳದ್ದಾದರೂ ಅರ್ಜಿದಾರರು ತಾವು ವಾಸವಿರುವ ವ್ಯಾಪ್ತಿಯಲ್ಲೇ ಹಾಕಬಹುದು.

ತೋಟದವರು ಗಮನಿಸಬೇಕಾದ ಮಾತೊಂದಿದೆ. ಗೂಡ್ಸ್ ಪಿಕಪ್ಪಿನ ಹಿಂದೆ ಕಾಫಿ ಕೊಯ್ಲಿನವರನ್ನು ತುಂಬಿಕೊಂಡು ಹೋಗುವಾಗ ಅಪಘಾತವಾದರೆ, ಅವರ ಪರಿಹಾರದ ಹೊರೆ ಕೊನೆಗೆ ಮಾಲೀಕರ ಮೇಲೆಯೇ ಬೀಳಬಹುದು. ಬಿಳಿ ಬೋರ್ಡಿನ ಜೀಪನ್ನು ಬಾಡಿಗೆಗೆ ಓಡಿಸಿದರೆ ಸ್ವಂತ ಹಾನಿಯ ಕ್ಲೈಮೂ ತಿರಸ್ಕೃತವಾಗಬಹುದು.

ಗಾಡಿ ಎಲ್ಲಿಗೆ ಎಳೆಸುವುದು ಎಂಬುದೂ ಲೆಕ್ಕದ ವಿಷಯವೇ. ಸಾಮಾನ್ಯ ಕಾರು ಪಾಲಿಸಿಯಲ್ಲಿ ಟೋಯಿಂಗಿಗೆ ಸಿಗುವುದು 1,500 ರೂಪಾಯಿ. ಮಡಿಕೇರಿಯಿಂದ ಮೈಸೂರಿಗೆ ಅದು ಎಲ್ಲಿಗೂ ಸಾಲದು. ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯೇ, ಎಷ್ಟು ಕಿಲೋಮೀಟರಿಗೆ ಇದೆ ಎಂದು ಮೊದಲು ಕೇಳಿ. ಹಾನಿಯ ಅಂದಾಜು ಹಾಕುವ ಸರ್ವೇಯರ್ ನೋಡುವ ತನಕ ಗ್ಯಾರೇಜಿನವರು ಒಂದು ನಟ್ಟೂ ಬಿಚ್ಚಬಾರದು. ಬಿಚ್ಚಿದಾಗ ಒಳಗೆ ಹೊಸ ಹಾನಿ ಕಂಡರೆ ರಿಪೇರಿಗೆ ಮುಂಚೆಯೇ ಸರ್ವೇಯರನ್ನು ಮತ್ತೆ ಕರೆಸಿ, ಸಪ್ಲಿಮೆಂಟರಿ (ಹೆಚ್ಚುವರಿ) ಎಸ್ಟಿಮೇಟ್ ಕೊಡಿ. ಹೆಚ್ಚಿನವರು ಕಳೆದುಕೊಳ್ಳುವುದು ಇಲ್ಲೇ.

ಈಗ ಕಡಿತ. ಮೂರೂವರೆ ವರ್ಷದ ಕಾರು, ಜಿಎಸ್‌ಟಿ ಬಿಟ್ಟು 58,000 ರೂಪಾಯಿ ಬಿಲ್ಲು ಎಂದಿಟ್ಟುಕೊಳ್ಳಿ. ಲೋಹದ ಭಾಗ 20,000ಕ್ಕೆ ಶೇ. 25 ಸವಕಳಿ (ಭಾಗ ಹಳತಾದದ್ದಕ್ಕೆ ಕಳೆಯುವ ಮೊತ್ತ) ಹೋಗಿ 15,000. ಬಂಪರ್‌ನಂಥ ಪ್ಲಾಸ್ಟಿಕ್ 12,000ಕ್ಕೆ ಅರ್ಧ, 6,000. ಗಾಜು 8,000, ಕೂಲಿ 10,000 ಪೂರ್ತಿ. ಪೇಂಟಿಂಗ್ 8,000ದಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು, ಅದರ ಅರ್ಧ ಕಳೆದರೆ 7,000. ಒಟ್ಟು 46,000, ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ 1,000 ಹೋಗಿ (1,500 ಸಿಸಿಗಿಂತ ದೊಡ್ಡ ಎಂಜಿನ್‌ಗೆ 2,000) ಕೈಗೆ 45,000. ಝೀರೋ ಡೆಪ್ ಆಡ್-ಆನ್ ಇದ್ದರೆ ಸವಕಳಿ ಸಾಮಾನ್ಯವಾಗಿ ಇಲ್ಲ. ಸರ್ವೇಯರ್ ಗಾಜಿಗೂ ಸವಕಳಿ ಹಾಕಿದ್ದರೆ, ಪೇಂಟಿಂಗ್ ಬಿಲ್ಲಿನ ಅರ್ಧವನ್ನೇ ಹೊಡೆದಿದ್ದರೆ ತಕರಾರು ತೆಗೆಯಿರಿ. ಅದಕ್ಕೆ ಸರ್ವೇಯರ್‌ನ ಲೆಕ್ಕದ ಅಸೆಸ್‌ಮೆಂಟ್ ಶೀಟ್ ಕೇಳಿ ಪಡೆಯಿರಿ, ಇಷ್ಟಕ್ಕೆ ಒಪ್ಪಿದ್ದೇನೆ ಎನ್ನುವ ಡಿಸ್ಚಾರ್ಜ್ ವೋಚರಿಗೆ ಓದದೆ ಸಹಿ ಹಾಕಬೇಡಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ) ಶೇ. 75 ದಾಟಿದರೆ ಟೋಟಲ್ ಲಾಸ್ (ಪೂರ್ತಿ ನಷ್ಟ) ಆಗುತ್ತದೆ, ಆಗ ಮಾತುಕತೆ ಸಾಲ್ವೇಜ್ ಬೆಲೆಯ, ಅಂದರೆ ಹಾಳಾದ ಗಾಡಿಯ ಬೆಲೆಯ ಮೇಲೆ.

ನಾಲ್ಕೈದು ಸಾವಿರದ ಗೀರಿಗೆ ಕ್ಲೈಮ್ ಮಾಡದಿರುವುದೇ ಲಾಭ. ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಶೇ. 50ರ ರಿಯಾಯಿತಿ, ನೋ ಕ್ಲೈಮ್ ಬೋನಸ್, ಒಂದೇ ಏಟಿಗೆ ಸೊನ್ನೆಯಾಗಿ, ಮತ್ತೆ 20ರಿಂದ ಹತ್ತಬೇಕು.

ಕಂಪನಿ ತಿರಸ್ಕರಿಸಿದರೆ, ಇಲ್ಲವೇ ಕಡಿಮೆ ಕೊಟ್ಟರೆ, ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ತಿಂಗಳಾದರೂ ಉತ್ತರವಿಲ್ಲ, ಅಥವಾ ಉತ್ತರ ಒಪ್ಪಿಗೆಯಿಲ್ಲ ಎಂದಾದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬಡ್ಸ್‌ಮನ್‌ಗೆ (ವಿಮೆ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಪಾಲಿಸಿ, ಎಸ್ಟಿಮೇಟ್, ಅಸೆಸ್‌ಮೆಂಟ್ ಶೀಟ್, ತಿರಸ್ಕಾರದ ಪತ್ರ ಮತ್ತು ಮೊದಲ ದಿನದ ಆ ಫೋಟೊಗಳನ್ನು ಲಗತ್ತಿಸಿ.